ಮಂಡಿಯಲ್ಲಿ ಕೊಳೆಯುವ ಬಾಳೆಗೆ ರೋಗ ಹತ್ತುವುದು ತೋಟದಲ್ಲೇ

ಮಳೆಗಾಲದಲ್ಲಿ ನಂಜನಗೂಡು, ತಿ. ನರಸೀಪುರದ ಕಡೆಯ ಬಾಳೆ ಮೈಸೂರಿನ ಮಂಡಿಗೆ ಬಂದಾಗ ಒಂದು ಜಗಳ ಇದ್ದದ್ದೇ. 'ನಾವು ಇಳಿಸುವಾಗ ಕಾಯಿ ಮೇಲೆ ಒಂದು ಚುಕ್ಕೆ ಇರಲಿಲ್ಲ ಸಾರ್, ಇವರ ಹಣ್ಣು ಮಾಡುವ ರೂಮಿನಲ್ಲೇ ಕೆಟ್ಟಿದ್ದು' ಅನ್ನುತ್ತಾರೆ ರೈತರು. 'ಮಾಲೇ ಸರಿಯಿಲ್ಲ' ಅನ್ನುತ್ತಾರೆ ಮಂಡಿಯವರು. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಹಣ್ಣಿನ ಮೇಲೆ ಕಪ್ಪು ಕಲೆ ಬೀಳಿಸಿ ಕೊಳೆಸುವ ಚಿಬ್ಬು ರೋಗ ತರುವ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ತೋಟದ ಒಣಗಿದ ಎಲೆಗಳಲ್ಲಿ, ಕಾಯಿಯ ತುದಿಗೆ ಕಪ್ಪಾಗಿ ಅಂಟಿಕೊಂಡ ಹೂವಿನಲ್ಲಿ ಇರುತ್ತದೆ. ಮಳೆಹನಿ ಸಿಡಿದಾಗ ಅದರ ಬೀಜಕಗಳು ಎಳೆಗಾಯಿಯ ಮೇಲೆ ಬೀಳುತ್ತವೆ. ಸಿಪ್ಪೆ ಕೆಲವು ಗಂಟೆ ಒದ್ದೆಯಾಗಿದ್ದರೆ ಬೀಜಕ ಮೊಳೆತು, ಸಿಪ್ಪೆಗೆ ಕಚ್ಚಿಕೊಳ್ಳುವ ದಪ್ಪ ಗೋಡೆಯ ಕಪ್ಪು ಗುಳ್ಳೆಯೊಂದನ್ನು ಕಟ್ಟುತ್ತದೆ. ಸೂಕ್ಷ್ಮದರ್ಶಕ ಇಲ್ಲದೆ ಅದು ಕಾಣುವುದಿಲ್ಲ. ಆಮೇಲೆ ವಾರಗಟ್ಟಲೆ ಸುಮ್ಮನಿರುತ್ತದೆ, ಏಕೆಂದರೆ ಹಸಿರು ಸಿಪ್ಪೆಯ ಒಗರು ಮತ್ತು ಇತರ ರಕ್ಷಕ ರಾಸಾಯನಿಕಗಳು ಅದನ್ನು ಮುಂದಕ್ಕೆ ಬಿಡುವುದಿಲ್ಲ.

ಕಾಯಿ ಹಣ್ಣಾಗತೊಡಗಿದರೆ ಎಲ್ಲವೂ ಶಿಲೀಂಧ್ರದ ಕಡೆಗೆ ವಾಲುತ್ತದೆ. ಒಗರು ಇಳಿಯುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ, ಜೀವಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಸಡಿಲವಾಗುತ್ತದೆ. ಉಳಿದ ಪೆಕ್ಟಿನ್ ಕರಗಿಸಲು ಶಿಲೀಂಧ್ರ ತನ್ನದೇ ಕಿಣ್ವಗಳನ್ನು ಸುರಿಯುತ್ತದೆ. ಹಣ್ಣನ್ನು ಮಾಗಿಸುವ ಎಥಿಲೀನ್ ಅನಿಲವೇ ಈ ಶಿಲೀಂಧ್ರವನ್ನೂ ಎಬ್ಬಿಸುತ್ತದೆಂದು ಪ್ರಯೋಗಗಳಲ್ಲಿ ಕಂಡಿದೆ. ಶತ್ರುವಿಗೆ ಮನೆಯವರೇ ಹೊತ್ತು ತಿಳಿಸಿದ ಹಾಗೆ! ಹಣ್ಣು ಮಾಡುವ ರೂಮಿನಲ್ಲಿ ರೋಗ ಬಯಲಾಗುವುದು ಇದೇ ಕಾರಣಕ್ಕೆ.

ಹಳದಿ ಸಿಪ್ಪೆಯ ಮೇಲಿನ ಕಂದು ಚುಕ್ಕೆಗಳೆಲ್ಲ ರೋಗವಲ್ಲ. ಚೆನ್ನಾಗಿ ಮಾಗಿದ ಬಾಳೆಯಲ್ಲಿ ಬರುವ ಸಣ್ಣ ಚುಕ್ಕೆಗಳು ಬೆರಳಾಡಿಸಿದರೆ ತಟ್ಟುವುದಿಲ್ಲ, ಒಳಗಿನ ತಿರುಳೂ ಚೆನ್ನಾಗಿರುತ್ತದೆ. ಚಿಬ್ಬಿನ ಕಲೆ ಕಪ್ಪಾಗಿ ತಗ್ಗಿರುತ್ತದೆ, ದಿನದಿಂದ ದಿನಕ್ಕೆ ಹಿಗ್ಗಿ ಪಕ್ಕದ ಕಲೆಯೊಂದಿಗೆ ಕೂಡಿಕೊಳ್ಳುತ್ತದೆ. ತೇವ ಇದ್ದರೆ ನಡುವೆ ಕಿತ್ತಳೆ ಛಾಯೆಯ ಅಂಟು ಅಂಟಾದ ಪುಟ್ಟ ಬಿಂದುಗಳು ಏಳುತ್ತವೆ. ಅವು ಹೊಸ ಬೀಜಕಗಳ ರಾಶಿ. ಅಂಥ ಹಣ್ಣು ಮುಟ್ಟಿದ ಕೈಯಲ್ಲೇ ಬೇರೆ ಚಿಪ್ಪು ಎತ್ತಬೇಡಿ.

ಚಿಪ್ಪಿನ ಬುಡ ಕೊಳೆಯುವ ರೋಗದ ದಾರಿ ಬೇರೆ. ಗೊನೆಯಿಂದ ಚಿಪ್ಪು ಬಿಡಿಸಿದ ಹಸಿ ಗಾಯವೇ ಬಾಗಿಲು, ಒಳಗೆ ಹೋಗುವುದು ಒಂದೇ ಜಾತಿಯ ಶಿಲೀಂಧ್ರವೂ ಅಲ್ಲ. ಮೊಂಡು ಕತ್ತಿಯಿಂದ ಜಗ್ಗಿ ಕೊಯ್ದ ಬುಡ ಬೇಗ ಕಪ್ಪಾಗುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ತೊಟ್ಟಿಯ ನೀರಲ್ಲಿ ಚಿಪ್ಪು ಅದ್ದುವುದನ್ನು ನೋಡಿದರೆ ನನಗೆ ಕೋಪ ಬರುತ್ತದೆ. ಅದು ತೊಳೆಯುವುದಲ್ಲ, ಬೀಜಕ ಹಂಚುವುದು. ಕತ್ತಿ ಹರಿತವಾಗಿರಲಿ, ನೀರು ಬದಲಾಗುತ್ತಿರಲಿ.

ತೋಟದಲ್ಲಿ ಒಣ ಎಲೆ ಸವರಿ, ಒಣ ಹೂವು ಉದುರಿಸಿ, ಗೊನೆಗೆ ಚೀಲ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಏಲಕ್ಕಿ, ರಸಬಾಳೆ ಬೆಳೆಯುವವರು ಮೊದಲು ಮಾಡಬೇಕಾದದ್ದು ಇದೇ. ರಸಬಾಳೆಯನ್ನು ಕಾಡುವ ಪನಾಮ ಸೊರಗು ರೋಗವೂ ಶಿಲೀಂಧ್ರದ್ದೇ, ಆದರೆ ಅದು ಮಣ್ಣಿನಿಂದ ಬರುವುದು, ಇಲ್ಲಿಗೆ ಬೇಡ. ಕೊಳೆ ತಡೆಯಲು ಬಾಳೆಯನ್ನು ಫ್ರಿಜ್ಜಿನಲ್ಲಿಡುವವರೂ ಇದ್ದಾರೆ. 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಾಯಿಗೆ ಚಳಿ ಪೆಟ್ಟು ಬಿದ್ದು ಸಿಪ್ಪೆ ಮಂಕಾಗುತ್ತದೆ, ಸರಿಯಾಗಿ ಹಣ್ಣಾಗುವುದೂ ಇಲ್ಲ.

ಮೂಸಂಬಿ, ಕಿತ್ತಳೆ ಮಾರುವವರಿಗೂ ಒಂದು ಮಾತು. ಅವುಗಳ ಮೇಲೆ ಬರುವ ಹಸಿರು, ನೀಲಿ ಬೂಷ್ಟು ಪೆನಿಸಿಲಿಯಂ ಎಂಬ ಶಿಲೀಂಧ್ರದ ಜಾತಿಯದು. ಅದಕ್ಕೆ ಒಳಹೋಗಲು ಗಾಯ ಬೇಕು, ಉಗುರು ತಾಗಿದಷ್ಟಾದರೂ ಸಾಕು. ನೀಲಿ ಬೂಷ್ಟು ಮಾತ್ರ ಅಂಟಿಕೊಂಡಿರುವ ಪಕ್ಕದ ಹಣ್ಣಿಗೂ ಸುಲಭವಾಗಿ ದಾಟುತ್ತದೆ. ಕೊಳೆತದ್ದನ್ನು ಪೆಟ್ಟಿಗೆಯೊಳಗೇ ಕೊಡವಬೇಡಿ, ಮೆಲ್ಲಗೆ ಕವರಿಗೆ ಹಾಕಿ ಹೊರಗೆ ಒಯ್ಯಿರಿ. ಅದಕ್ಕೆ ತಾಗಿಕೊಂಡಿದ್ದ ಹಣ್ಣುಗಳನ್ನು ಬೇರೆ ಇಟ್ಟು ಮೊದಲು ಮಾರಿ.