ಪಕ್ಕದಲ್ಲಿದ್ದ ಪ್ರಶ್ನಾರ್ಥಕ ಚಿಹ್ನೆ ಎಲ್ಲಿ ಹೋಯಿತು?

ಇಂದಿನ ಟರ್ಕಿಯಲ್ಲಿ ಮೂರು ಸಾವಿರ ವರ್ಷಗಳ ಹಿಂದೆ ಇದ್ದ ಲೂವಿಯನ್ ಭಾಷೆಯ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಾಲಿನ ಸುತ್ತ ಸುತ್ತುತ್ತವೆ. ‘ಕಡಿದಾದ ವಿಲುಸದಿಂದ ಅವರು ಬಂದಾಗ’ ಅಂತ ಟ್ರಾಯ್ ಯುದ್ಧದ ಕಾವ್ಯವೇ ಲೂವಿಯನ್ನಿನಲ್ಲಿ ಸಿಕ್ಕಿದೆಯಂತೆ, ಹೌದಾ ಸಾರ್? ‘ಕಡಿದಾದ’ದ ಪಕ್ಕ, ಆ ಅರ್ಥ ಖಚಿತವಲ್ಲ ಎಂದು ತೋರಿಸುವ ಒಂದು ಪ್ರಶ್ನಾರ್ಥಕ ಚಿಹ್ನೆ ಇರಬೇಕಿತ್ತು, ಅದನ್ನು ಎಲ್ಲಿ ಬಿಟ್ಟು ಬಂದಿರಿ ಎಂದು ಕೇಳಿದರೆ ಮರುಉತ್ತರ ಬರುವುದಿಲ್ಲ.

ಆ ಸಾಲು ಇರುವುದು ಅಲ್ಲಿ ಆಳುತ್ತಿದ್ದ ಹಿಟ್ಟೈಟರ ರಾಜಧಾನಿ ಹತ್ತೂಸದಲ್ಲಿ, ಅಂದರೆ ಇಂದಿನ ಟರ್ಕಿಯ ಬೊಗಜ್‌ಕಲೆಯಲ್ಲಿ, ಸಿಕ್ಕ ಮಣ್ಣಿನ ಫಲಕವೊಂದರಲ್ಲಿ. ಇಸ್ತನುವ ಊರಿನವರ ಪೂಜಾವಿಧಿ ಅದು. ವಿಧಿಯ ವಿವರಣೆ ಹಿಟ್ಟೈಟ್‌ನಲ್ಲಿ, ಹಾಡು ಮಾತ್ರ ಲೂವಿಯನ್ನಿನಲ್ಲಿ: ‘ಅಹ್ಹತತ ಆಲತಿ ಅವಿಯೆಂತ ವಿಲುಸತಿ’. ಇದೊಂದೇ ಸಾಲು. ಮುಂದಿನದನ್ನು ಲಿಪಿಕಾರ ಬರೆಯಲಿಲ್ಲ, ಹಾಡುವವರಿಗೆ ಗೊತ್ತಿತ್ತಲ್ಲ.

‘ಅವಿಯೆಂತ’ ಅಂದರೆ ‘ಅವರು ಬಂದರು’. ವಿಲುಸ ಊರಿನ ಹೆಸರು. ಟ್ರಾಯ್ ಇದೇ ಎಂದು ಬಹಳ ವಿದ್ವಾಂಸರು ಒಪ್ಪುತ್ತಾರೆ. ಕೊನೆಯ ‘-ತಿ’ ನಮ್ಮ ‘ಇಂದ’ದ ಕೆಲಸ ಮಾಡುತ್ತದೆ. ಆಲತಿಗೂ ವಿಲುಸತಿಗೂ ಅದೇ ಪ್ರತ್ಯಯ, ಹಾಗಾಗಿ ಎರಡೂ ಜೋಡಿ. ವ್ಯಾಕರಣ ಇಲ್ಲಿಗೆ ಕೈಚೆಲ್ಲುತ್ತದೆ. ಪ್ರತ್ಯಯ ಹೇಳುವುದು ಪದಕ್ಕೆ ಯಾವುದರ ಜೊತೆ ಸಂಬಂಧ ಎಂಬುದನ್ನು. ಪದ ಏನು ಎಂಬುದನ್ನಲ್ಲ. ‘ಕಡಿದಾದ ವಿಲುಸದಿಂದ’ ಎಂದರೂ ಸರಿ, ‘ಸಮುದ್ರದಿಂದ, ವಿಲುಸದಿಂದ’ ಎಂದರೂ ‘-ತಿ’ ತಕರಾರು ಎತ್ತುವುದಿಲ್ಲ.

ಹಾಗಾದರೆ ‘ಕಡಿದಾದ’ ಬಂದದ್ದೆಲ್ಲಿಂದ? ಗ್ರೀಕ್ ಕವಿ ಹೋಮರ್ ಇಲಿಯೊಸ್ ನಗರವನ್ನು, ಅಂದರೆ ಟ್ರಾಯನ್ನು, ‘ಐಪೆಯಿನೆ’, ಅಂದರೆ ಕಡಿದಾದದ್ದು, ಎಂದು ವರ್ಣಿಸುತ್ತಾನೆ. ಅದರ ಜೊತೆ ಹೋಲಿಸಿ ಭಾಷಾವಿಜ್ಞಾನಿ ಕ್ಯಾಲ್ವರ್ಟ್ ವಾಟ್ಕಿನ್ಸ್ 1980ರ ದಶಕದಲ್ಲಿ ಈ ಅರ್ಥ ಸೂಚಿಸಿದರು. ಒಳ್ಳೆಯ ಊಹೆ, ನನಗೂ ಇಷ್ಟ. ಆದರೆ ಹೋಮರನಿಂದ ಅರ್ಥ ಕಡ ತಂದು, ಆಮೇಲೆ ಅದೇ ಅರ್ಥ ತೋರಿಸಿ ‘ನೋಡಿ, ಹೋಮರನ ಮಾತು ಲೂವಿಯನ್ನಿನಲ್ಲೂ ಇದೆ’ ಅಂದರೆ ಹೇಗೆ? ಸಾಕ್ಷಿ ಹೇಳಿದವನೇ ತೀರ್ಪೂ ಕೊಟ್ಟಂತಾಯಿತು.

ಕನ್ನಡದ ‘ಅಲೆ’ಯೇ ಆಲತಿ ಎನ್ನುವ ಪತ್ರಗಳೂ ಬರುತ್ತವೆ. ಅಭಿಮಾನಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಇಂಥವರಿಗೆ ನಾನು ತೋರಿಸುವುದು ಚಿತ್ರಲಿಪಿಯ ಒಂದು ಚಿಹ್ನೆಯನ್ನು. ಲೂವಿಯನ್ ಶಿಲಾಶಾಸನಗಳಲ್ಲಿ ‘ಇದು’ ಎಂಬರ್ಥದ ಪದವನ್ನು ವಿದ್ವಾಂಸರು ಬಹುಕಾಲ ‘ಈ’ ಎಂದೇ ಓದುತ್ತಿದ್ದರು. ಅರ್ಥವೂ ಅದೇ, ಸದ್ದೂ ಅದೇ! ಕನ್ನಡಿಗನಿಗೆ ಇದಕ್ಕಿಂತ ಏನು ಬೇಕು? ಪೂರ್ವ ಟರ್ಕಿಯ ಆಲ್ಟಿನ್‌ತೆಪೆಯಲ್ಲಿ ಸಿಕ್ಕ, ಉರಾರ್ಟು ರಾಜ್ಯದ ಕಾಲದ ದೊಡ್ಡ ಮಣ್ಣಿನ ವಾಡೆಗಳ ಮೇಲೆ ಅಳತೆಯ ಹೆಸರುಗಳು ಇದೇ ಲಿಪಿಯಲ್ಲಿದ್ದವು. ಅವುಗಳ ನೆರವೂ ಸೇರಿ 1970ರ ದಶಕದಲ್ಲಿ ಹಾಕಿನ್ಸ್, ಮೊರ್ಪುರ್ಗೊ ಡೇವಿಸ್, ನಾಯ್ಮನ್ ಎಂಬ ವಿದ್ವಾಂಸರು ಆ ಚಿಹ್ನೆಯ ಓದನ್ನು ತಿದ್ದಿದರು. ಅದು ‘ಈ’ ಅಲ್ಲ, ‘ತ್ಸ’. ಮಣ್ಣಿನ ಫಲಕಗಳ ಮೇಲೆ ಬೆಣೆಲಿಪಿಯಲ್ಲಿ ಬರೆದ ಲೂವಿಯನ್ನಿನಲ್ಲಿ ‘ಇದು’ಗೆ ಇದ್ದ ಪದವೂ ಅದೇ ಆಗಿತ್ತು.

ಹಳೆಯ ಓದಿನ ಪುಸ್ತಕಗಳು ಇನ್ನೂ ಗ್ರಂಥಾಲಯಗಳಲ್ಲಿವೆ. ‘ಈ’ ಕುರಿತ ಮುಂದಿನ ಪತ್ರ ಅಲ್ಲಿಂದಲೇ ಹೊರಡುತ್ತದೆ ಎಂದು ನನ್ನ ಗುಮಾನಿ.