ಕಯಾಕ್ ಕಲಿಯಲು ಯಾವ ನದಿ? ಗ್ರೇಡ್ ಓದುವ ಬಗೆ

ಪುಣೆಯಲ್ಲಿದ್ದುಕೊಂಡು ರಭಸದ ನೀರಿನಲ್ಲಿ ಕಯಾಕ್ (ಹುಟ್ಟು ಹಾಕುವ ಕಿರಿದಾದ ಪುಟ್ಟ ದೋಣಿ) ನಡೆಸಲು ಕಲಿಯುತ್ತಿರುವ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿ. ನೀರಿನ ಕಷ್ಟವನ್ನು 1ರಿಂದ 6ರವರೆಗಿನ ಅಂತಾರಾಷ್ಟ್ರೀಯ ಗ್ರೇಡ್‌ಗಳಲ್ಲಿ ಅಳೆಯುತ್ತಾರೆ. ಹೊಸಬರಿಗೆ 1 ಮತ್ತು 2 ತಕ್ಕವು.

ತೊಡಕು ಇರುವುದು ಇದನ್ನು ಇಡೀ ನದಿಗೆ ಅಂಟಿಸುವುದರಲ್ಲಿ. ಗ್ರೇಡ್ ಸಲ್ಲುವುದು ನೀರು ರಭಸದಿಂದ ನೊರೆಯೆದ್ದು ಹರಿಯುವ ಒಂದು ರ‍್ಯಾಪಿಡ್‌ಗೆ, ಅದೂ ನೀರಿನ ಒಂದು ಮಟ್ಟದಲ್ಲಿ ಮಾತ್ರ. ನೀರು ಏರಿದರೆ ಅದೇ ಜಾಗದ ಗ್ರೇಡ್ ಬದಲಾಗಬಹುದು. ಮೇಲಾಗಿ ನಮ್ಮ ಕಡೆ ಕೇಳಿಬರುವ ಅಂಕಿಗಳು ಬಹುಮಟ್ಟಿಗೆ ರಾಫ್ಟಿಂಗ್‌ನವರು ಹೇಳುವಂಥವು. ಗೈಡ್ ಇರುವ ದೊಡ್ಡ ರಾಫ್ಟ್ ಸಲೀಸಾಗಿ ದಾಟುವ ಅಲೆಯಲ್ಲಿ, ರೋಲ್ (ಮಗುಚಿದ ಕಯಾಕನ್ನು ಒಳಗಿದ್ದೇ ನೆಟ್ಟಗಾಗಿಸುವುದು) ಕಲಿಯದ ಕಯಾಕಿನವನು ಮಗುಚಿ ಈಜಬೇಕಾಗುತ್ತದೆ. ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ, ಮಗುಚಿದರೆ ಎಲ್ಲಿ ನಿಲ್ಲುತ್ತೇನೆ ಎಂಬುದು.

ನಕ್ಷೆಯಲ್ಲಿ ಎರಡು ನದಿಗಳು 6 ಕಿ.ಮೀ. ದೂರದಲ್ಲಿ 30 ಮೀಟರ್ ಇಳಿಯುತ್ತವೆ ಎಂದುಕೊಳ್ಳಿ. ಸರಾಸರಿ ಎರಡಕ್ಕೂ ಒಂದೇ, ಕಿ.ಮೀ.ಗೆ 5 ಮೀಟರ್. ಆದರೆ ಮೊದಲನೆಯದು ಚಿಕ್ಕ ಚಿಕ್ಕ ಇಳುಕಲುಗಳಲ್ಲಿ ಧುಮುಕಿ, ಪ್ರತಿಯೊಂದರ ಕೆಳಗೂ ನಿಶ್ಚಲವಾದ ಮಡುವಾಗುತ್ತದೆ. ಬಿದ್ದವನನ್ನೂ ದೋಣಿಯನ್ನೂ ಅಲ್ಲಿ ದಡಕ್ಕೆ ಸೇರಿಸಬಹುದು. ಎರಡನೆಯದು ಬಿಡುವಿಲ್ಲದೆ ಹರಿಯುವುದರಿಂದ, ಬಿದ್ದವನು ಮುಂದಿನ ರ‍್ಯಾಪಿಡ್‌ಗೆ ಈಜುತ್ತಲೇ ಹೋಗುತ್ತಾನೆ. ಸರಾಸರಿ ಇದನ್ನು ಮುಚ್ಚಿಡುತ್ತದೆ; ಹಾಗಾಗಿ ದಡದಲ್ಲಿ ನಡೆದು, ಮಡುಗಳನ್ನೂ, ಬಂಡೆಗಳ ಹಿಂದೆ ನೀರು ಹಿಮ್ಮುಖವಾಗಿ ತಿರುಗುವ ಎಡ್ಡಿಗಳನ್ನೂ ಗುರುತಿಸಲೇಬೇಕು. ನೀರಿನಲ್ಲಿ ಸಿಲುಕಿದ ಮರ, ತಗ್ಗಾದ ಒಡ್ಡು ಇದ್ದರೆ ಆ ಹಾದಿಯನ್ನೇ ಕೈಬಿಡುವುದು ಒಳಿತು: ಮರದ ಕೊಂಬೆಗಳು ನೀರನ್ನು ಬಿಟ್ಟು ಮನುಷ್ಯನನ್ನು ಹಿಡಿಯುತ್ತವೆ, ಒಡ್ಡಿನ ಬುಡದ ನೀರು ಬಿದ್ದವನನ್ನು ಮತ್ತೆ ಮತ್ತೆ ಒಳಗೆಳೆಯುತ್ತದೆ.

ಇನ್ನು ಹತ್ತಿರದ ನದಿಗಳು. ಕೋಲಾಡ್‌ನ ಕುಂಡಲಿಕಾಗೆ ಮುಳಶಿ ಜಲಾಶಯದಿಂದ ಭೀರಾ ವಿದ್ಯುದಾಗಾರಕ್ಕೆ ಇಳಿದ ನೀರು ಬರುವುದರಿಂದ, ಸಹ್ಯಾದ್ರಿಯ ಇತರ ನದಿಗಳು ಸೊರಗುವ ಬೇಸಿಗೆಯಲ್ಲೂ ಅಲ್ಲಿ ಹರಿವಿರುತ್ತದೆ. ಅದರ ರ‍್ಯಾಪಿಡ್‌ಗಳು 2ರಿಂದ 3. ನನ್ನ ಅಭಿಪ್ರಾಯದಲ್ಲಿ ರಾಫ್ಟ್‌ನ ಪೂರ್ತಿ ಹಾದಿ ಮೊದಲ ದಿನಕ್ಕಲ್ಲ. ಗೋವಾದ ಸತ್ತರಿಯಲ್ಲಿ ಹರಿಯುವ ಮಹದಾಯಿ ಮಳೆಗಾಲದ ನದಿ, ಮಳೆಯೊಂದಿಗೆ ಬೇಗ ಏರುವಂಥದ್ದು. ಗಣೇಶಗುಡಿಯ ಕಾಳಿ ಸೂಪಾ ಅಣೆಕಟ್ಟಿನ ನೀರನ್ನು ನೆಚ್ಚಿದೆ. ಕಾಳಿ, ಕುಂಡಲಿಕಾ ಎರಡಕ್ಕೂ ಹೊರಡುವ ಮುನ್ನ ನೀರು ಬಿಡುವ ವೇಳೆಯನ್ನು ಸ್ಥಳೀಯ ಗೈಡ್‌ಗಳಲ್ಲಿ ವಿಚಾರಿಸಬೇಕು. ಅದು ತಿಳಿಯುವವರೆಗೆ ಪಾತ್ರದ ನಡುವಿನ ಬಂಡೆಗಳಿಗೆ ಇಳಿಯಬಾರದು.