ಆಹ್ವಾನ ಪತ್ರಿಕೆಯಲ್ಲಿ ಹೆಸರಿನ ಮುಂದೆ ‘ಪದ್ಮಶ್ರೀ’ ಎಂದು ಹಾಕಬಹುದೇ?

ಪ್ರಶ್ನೆ: ಪದ್ಮಶ್ರೀ ಪಡೆದ ಹಿರಿಯರೊಬ್ಬರು ನಮ್ಮ ಸಂಘದ ಸಮಾರಂಭಕ್ಕೆ ಬರುತ್ತಿದ್ದಾರೆ. ಅವರ ಹೆಸರಿನ ಮುಂದೆ ‘ಪದ್ಮಶ್ರೀ’ ಎಂದು ಅಚ್ಚು ಹಾಕಿಸುವುದು ಸರಿಯೇ? ಸೈನಿಕರು ತಮ್ಮ ಪದಕವನ್ನು ಹೆಸರಿನೊಂದಿಗೆ ಬರೆದುಕೊಳ್ಳುತ್ತಾರಲ್ಲ?

ಉತ್ತರ: ಸರಿಯಲ್ಲ. ಸೈನಿಕ ಮತ್ತು ವಿದ್ಯಾಸಂಬಂಧಿ ಗೌರವಗಳ ಹೊರತು ಬೇರಾವ ಬಿರುದನ್ನೂ ಸರ್ಕಾರ ನೀಡಕೂಡದೆಂದು ಸಂವಿಧಾನದ 18ನೇ ವಿಧಿ ಹೇಳುತ್ತದೆ. ‘ಸರ್’, ‘ರಾವ್ ಬಹದ್ದೂರ್’ ಮುಂತಾದ ಬಿರುದುಗಳನ್ನು ಹಂಚಿ ಪ್ರಜೆಗಳಲ್ಲಿ ಮೇಲುಕೀಳು ಬೆಳೆಸಿದ ಆಳ್ವಿಕೆಯನ್ನು ಕಣ್ಣಾರೆ ಕಂಡವರು ಬರೆದ ವಿಧಿಯಿದು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ನಾವು ಇಂದಿಗೂ ಹೇಳುವ ‘ಸರ್’ 1915ರಲ್ಲಿ ಬ್ರಿಟಿಷರು ಕೊಟ್ಟ ಬಿರುದು; 1955ರಲ್ಲಿ ಸ್ವತಂತ್ರ ಭಾರತ ಕೊಟ್ಟ ಭಾರತ ರತ್ನವಾದರೋ ಬಿರುದಲ್ಲ, ಪ್ರಶಸ್ತಿ.

1954ರಲ್ಲಿ ಆರಂಭವಾದ ಭಾರತ ರತ್ನ ಮತ್ತು ಪದ್ಮ ಪ್ರಶಸ್ತಿಗಳನ್ನು 1977ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ನಿಲ್ಲಿಸಿತು, 1980ರಲ್ಲಿ ಇಂದಿರಾ ಗಾಂಧಿ ಸರ್ಕಾರ ಮತ್ತೆ ತಂದಿತು. ಇವು 18ನೇ ವಿಧಿಗೆ ವಿರುದ್ಧವೆಂಬ ವಾದ ಕೊನೆಗೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಂತು. ಬಾಲಾಜಿ ರಾಘವನ್ ಪ್ರಕರಣದಲ್ಲಿ 1995ರ ಡಿಸೆಂಬರಿನಲ್ಲಿ ತೀರ್ಪಿತ್ತ ಪೀಠವು, ಇವು ಬಿರುದುಗಳಲ್ಲವಾದ್ದರಿಂದ ಸಿಂಧುವೆಂದೂ, ಅದೇ ಕಾರಣಕ್ಕೆ ಪುರಸ್ಕೃತರು ಇವನ್ನು ಹೆಸರಿನ ಹಿಂದೆಮುಂದೆ ಬಳಸಕೂಡದೆಂದೂ, ಬಳಸಿದವರು ಪ್ರಶಸ್ತಿಯನ್ನೇ ಕಳೆದುಕೊಳ್ಳಬೇಕಾಗುತ್ತದೆಂದೂ ಹೇಳಿತು. ಆದ್ದರಿಂದ ಅಭಿಮಾನದಿಂದ ಅಚ್ಚು ಹಾಕಿಸುವ ಸಂಘಟಕರು, ತಮಗೆ ತಿಳಿಯದೆಯೇ ಅತಿಥಿಯನ್ನು ಮುಜುಗರಕ್ಕೆ ದೂಡುತ್ತಾರೆ.

ಸೈನಿಕರ ವಿಷಯ ಬೇರೆ. ಅವರ ಗೌರವವನ್ನು 18ನೇ ವಿಧಿಯೇ ಹೊರಗಿಟ್ಟಿದೆ. ಪರಮವೀರ ಚಕ್ರ ಪಡೆದ ಯೋಧ ಹೆಸರಿನ ನಂತರ ‘ಪಿವಿಸಿ’ ಎಂದು ಬರೆಯುವುದು ಸೇನೆಯ ಅಧಿಕೃತ ಪದ್ಧತಿ. ಕಾಶ್ಮೀರದ ಉರಿ ವಲಯದಲ್ಲಿ ಉಗ್ರರೊಡನೆ ಹೋರಾಡುತ್ತ 2007ರಲ್ಲಿ ಹುತಾತ್ಮರಾದ ಬೆಂಗಳೂರಿನ ಕರ್ನಲ್ ವಸಂತ್ ಅವರ ಹೆಸರಿನೊಂದಿಗೆ ಅಶೋಕ ಚಕ್ರದ ‘ಎಸಿ’ ಬರುವುದೂ ಹೀಗೆಯೇ. ಪ್ರಾಣವನ್ನೇ ಪಣಕ್ಕಿಟ್ಟವರಿಗೆ ಈ ವಿನಾಯಿತಿ ನ್ಯಾಯವಾದದ್ದೆಂದೇ ನನ್ನ ಭಾವನೆ.

ಪದ್ಮ ಪುರಸ್ಕೃತರಿಗೆ ಸಲ್ಲುವುದು ರಾಷ್ಟ್ರಪತಿಗಳ ಸಹಿ ಮತ್ತು ಮುದ್ರೆಯುಳ್ಳ ಸನದು (ಪ್ರಮಾಣಪತ್ರ) ಹಾಗೂ ಪದಕ. ಪದ್ಮಶ್ರೀ ಪದಕದ ನಡುವೆ ಕಮಲ, ಅದರ ಮೇಲೆ ‘ಪದ್ಮ’, ಕೆಳಗೆ ‘ಶ್ರೀ’ ಎಂಬ ದೇವನಾಗರಿ ಅಕ್ಷರಗಳಿರುತ್ತವೆ. ಹಣ ಕೊಡುವುದಿಲ್ಲ. ಪದಕದ ಚಿಕ್ಕ ಪ್ರತಿಕೃತಿಯನ್ನು ಸಮಾರಂಭಗಳಲ್ಲಿ ಧರಿಸಬಹುದು.

ನಿಮ್ಮ ಪತ್ರಿಕೆಯಲ್ಲಿ ಮೊದಲು ಬರಿಯ ಹೆಸರು ಬರಲಿ. ಅದರ ಕೆಳಗೆ, ಬೇರೆ ಸಾಲಿನಲ್ಲಿ, ಅವರ ಪರಿಚಯದ ಭಾಗವಾಗಿ ‘ಪದ್ಮಶ್ರೀ ಪ್ರಶಸ್ತಿ ಪುರಸ್ಕೃತರು’ ಎಂದು ಹಾಕಿಸಿ.